ಒಂಬತ್ತು ಮನೆಯ ನಲ್ಲಿ

ಆ ಏರಿಯಾದ ಬೀದಿ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ರಾತ್ರಿ ಎರಡು ಗಂಟೆಗೆ. ನೀರಿಗೆ ಮುಂಚೆ ಬುಸ್ಸೆಂದು ಗಾಳಿ ಬರುತ್ತಿತ್ತು. ಆ ಸದ್ದಿಗೇ ಎಲ್ಲರಿಗೂ ಎಚ್ಚರ. ಸಂಜೆಯಿಂದಲೇ ಸಾಲಿನಲ್ಲಿ ಬಿಂದಿಗೆ ಇರುತ್ತಿದ್ದವು, ಬಿಂದಿಗೆ ಸಾಲದವರು ಕಲ್ಲೋ ಹರಿದ ಚಪ್ಪಲಿಯೋ ಇಟ್ಟು ಜಾಗ ಹಿಡಿಯುತ್ತಿದ್ದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನಾಲ್ಕು ಬಿಂದಿಗೆ ತುಂಬಿಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ, ಬೆಳಗ್ಗೆ ಏಳಕ್ಕೆ ಬಸ್ಸು ಹತ್ತಬೇಕಿತ್ತು. 2000ದ ಬೇಸಿಗೆಯಲ್ಲಿ ಒಂದು ಸಂಸ್ಥೆಯ ಪರವಾಗಿ ಮಹಿಳಾ ಸಂಘ ಕಟ್ಟಲು ಹೋದ ನಾನು ಕಂಡದ್ದು ಇದು. ಬೆಂಗಳೂರಿನ ದಕ್ಷಿಣಕ್ಕೆ, ರಾಜಕಾಲುವೆಗೆ ಅಂಟಿಕೊಂಡ ಇನ್ನೂರು ಚಿಲ್ಲರೆ ಮನೆಗಳ ಜಾಗ.

ಕಾವೇರಿ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ 500 ಮೀಟರ್ ಎತ್ತರಕ್ಕೆ ಏರಿಸಿ ಊರಿಗೆ ತರುತ್ತಾರೆ. ಅಷ್ಟು ದೂರ ಬಂದ ನೀರು ಒಂದು ರಸ್ತೆ ದಾಟಿ ಈ ಮನೆಗಳಿಗೆ ಬರಲಾರದೆ ನಿಂತದ್ದು ಕಾಗದದ ಕಾರಣಕ್ಕೆ. ಮನೆಗೆ ನಲ್ಲಿ ಬೇಕೆಂದರೆ ಜಾಗ ತಮ್ಮದೆಂದು ತೋರಿಸಬೇಕಿತ್ತು. ಹಕ್ಕುಪತ್ರವೇ ಇಲ್ಲದವರು ಏನನ್ನು ತೋರಿಸುವುದು? 1973ರ ಕೊಳಗೇರಿ ಕಾಯ್ದೆಯಡಿ ಘೋಷಣೆಯಾದ ಕೇರಿಗಾದರೆ ಸ್ಲಂ ಬೋರ್ಡ್ ಇತ್ತು. ಇದು ಘೋಷಣೆಯಾಗದ ಕೇರಿ. ಒಂದು ಕಚೇರಿಗೆ ಅರ್ಜಿ ಹಿಡಿದು ಏಳು ಸಲ ಅಲೆದೆವು. ಏಳನೆಯ ಸಲ, "ನಿಮ್ಮ ಏರಿಯಾ ನಮ್ಮ ಲಿಸ್ಟಲ್ಲೇ ಇಲ್ಲಮ್ಮ" ಅಂದರು. ಜೊತೆಗೆ ಬಂದಿದ್ದ ಹಣ್ಣು ಮಾರುವ ಅಕ್ಕ ಮುಂದೆ ಬಂದು, "ಓಟಿನ ಲಿಸ್ಟಲ್ಲಿ ಇದೀವಲ್ಲ ಸಾರ್" ಅಂದರು. ಅಧಿಕಾರಿ ಫೈಲು ಮಡಿಚಿಟ್ಟು ಊಟಕ್ಕೆ ಎದ್ದರು.

ಗಂಟು ಸಡಿಲವಾದದ್ದು ಅದೇ ಹೊತ್ತಿಗೆ. 2000ದಿಂದ 2002ರವರೆಗೆ ಆಸ್ಟ್ರೇಲಿಯಾ ಸರ್ಕಾರದ ನೆರವಿನಲ್ಲಿ ಬೆಂಗಳೂರಿನ ನೀರು, ಒಳಚರಂಡಿಗೆ ಮಾಸ್ಟರ್ ಪ್ಲಾನ್ ತಯಾರಾಗುತ್ತಿತ್ತು. ಅದರ ಭಾಗವಾಗಿ ಜಲಮಂಡಳಿ ಮೊದಲು ಮೂರು ಕೇರಿಗಳಲ್ಲಿ ಪ್ರಯೋಗ ಮಾಡಿ, ಆಮೇಲೆ ಉಳಿದೆಡೆಗೆ ಬಂತು. ಜಾಗದ ಪತ್ರ ಬೇಡ, ರೇಷನ್ ಕಾರ್ಡು, ಕರೆಂಟ್ ಬಿಲ್ಲು, ವೋಟರ್ ಕಾರ್ಡು, ಇವುಗಳಲ್ಲಿ ಯಾವುದಾದರೂ ಸಾಕು ಎಂದಾಯಿತು. 150 ಚದರ ಅಡಿಗಿಂತ ಚಿಕ್ಕ ಮನೆಗೆ ಸಂಪರ್ಕದ ಶುಲ್ಕ 550 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 800. ಊರಿನ ಬಡವರ ವಿಷಯದಲ್ಲಿ ನಾನು ಕಂಡ ದೊಡ್ಡ ತೀರ್ಮಾನಗಳಲ್ಲಿ ಇದೊಂದು. ಜಾಗ ಯಾರದ್ದೆಂಬ ವ್ಯಾಜ್ಯ ಅದರ ಪಾಡಿಗೆ ನಡೆಯಲಿ, ಅಲ್ಲಿಯವರೆಗೆ ಜನ ನೀರು ಕುಡಿಯಲಿ ಅನ್ನುವ ವಿವೇಕ ಅದರಲ್ಲಿತ್ತು.

ನಮ್ಮ ಏರಿಯಾದ ಸರದಿ ಬಂದದ್ದು 2003ರಲ್ಲಿ. ಮಾರಿಯಮ್ಮನ ಗುಡಿಯ ಮುಂದೆ ಮೀಟಿಂಗು. ಗಂಡಸರು ಜಗಲಿಯ ಮೇಲೆ, ಹೆಂಗಸರು ಹಿಂದೆ ನಿಂತೇ ಇದ್ದಾರೆ. ಎಂಜಿನಿಯರ್ ನಕ್ಷೆ ಬಿಡಿಸಿ, ಪೈಪ್ ದೊಡ್ಡ ಓಣಿಯಲ್ಲಿ ಚರಂಡಿಯ ಮಗ್ಗುಲಲ್ಲೇ ಹೋಗುತ್ತದೆ ಅಂದರು. ಹಣ್ಣಿನ ಅಕ್ಕ ಮಾತಾಡಲಿಲ್ಲ. ಗುಡಿಯ ಬಾಗಿಲಲ್ಲಿದ್ದ ರಂಗೋಲಿ ಡಬ್ಬಿ ತಂದು ನೆಲದ ಮೇಲೆ ಗೆರೆ ಎಳೆಯತೊಡಗಿದರು. ಇದು ಕಾಲುವೆ, ಇಲ್ಲಿ ಮೋರಿ ಉಕ್ಕುತ್ತೆ, ಇಲ್ಲಿವರೆಗೆ ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತೆ. ಉಳಿದ ಹೆಂಗಸರೂ ಬಗ್ಗಿ ಕೂತರು, ಅರ್ಧ ಗಂಟೆಯಲ್ಲಿ ಇಡೀ ಕೇರಿ ನೆಲದ ಮೇಲಿತ್ತು. ಎಂಜಿನಿಯರ್ ಜಗಲಿಯಿಂದ ಇಳಿದು ಕುಕ್ಕರಗಾಲಲ್ಲಿ ಕೂತು ನೋಡಿದರು. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪು ಬಿರುಕುಗಳಿಂದ ಸುತ್ತಲಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಮಕ್ಕಳಿಗೆ ವಾಂತಿಭೇದಿ ಹತ್ತುವುದು ಹೀಗೇ ಎಂದು ಅವರೇ ವಿವರಿಸಿದರು. ಲೈನು ಮೇಲಿನ ಓಣಿಗೆ ಬದಲಾಯಿತು. ಹತ್ತಾರು ವರ್ಷ ಆ ನೆಲದ ಮೇಲೆ ನೀರು ಹೊತ್ತವರಿಗೆ ತಿಳಿದದ್ದನ್ನು ಒಬ್ಬ ಅಧಿಕಾರಿ ಕೂತು ಕೇಳಿದ ಆ ಅರ್ಧ ಗಂಟೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕೆಳಗಿನ ಸಂದಿಯಲ್ಲಿ ಒಬ್ಬರು ನಡೆದರೆ ಎದುರು ಬಂದವರು ಗೋಡೆಗೆ ಒರಗಬೇಕು. ಅಲ್ಲಿ ಮನೆಮನೆಗೆ ಪೈಪ್ ಎಳೆಯಲು ಜಾಗವಿಲ್ಲ. ಒಂಬತ್ತು ಮನೆಗೆ ಸೇರಿ ಒಂದು ನಲ್ಲಿ, ಒಂದು ಮೀಟರು, ಒಂದು ಬಿಲ್ಲು. ಹಂಚುವುದು ಹೇಗೆ? ಮನೆ ಲೆಕ್ಕ ಅಂದರೆ ಒಂಟಿ ಅಜ್ಜಿಗೂ ಎಂಟು ಜನರ ಸಂಸಾರಕ್ಕೂ ಒಂದೇ ಪಾಲು. ಮೂರು ಮೀಟಿಂಗ್ ಜಗಳವಾಡಿ ಕೊನೆಗೆ ತಲೆ ಲೆಕ್ಕಕ್ಕೆ ಬಂದರು. ಕೂಸಿಗೆ ಪಾಲು ಉಂಟೋ ಎಂದು ಯಾರೋ ಗಂಡಸು ಕೇಳಿದಾಗ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ಬಟ್ಟೆ ಒಗೆಯೋದು ನಾವು ತಾನೆ, ಜಾಸ್ತಿ ನೀರು ಕೂಸಿಗೇ ಬೇಕು!" ಹುಟ್ಟಿದ ತಿಂಗಳಿಂದಲೇ ಲೆಕ್ಕ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ, ಹೆಬ್ಬೆಟ್ಟು ಹಾಕಿದರು.

ಮುಂದೆ ನಮ್ಮ ಸಂಸ್ಥೆಯ ಯೋಜನೆ ಮುಗಿಯಿತು, ಗುಡಿಯ ಮುಂದಿನ ಮೀಟಿಂಗೂ ನಿಂತಿತು. ಜನ ತಮ್ಮ ವಾರ್ಡಿನ ವಿಷಯ ತಾವೇ ಕೂತು ಮಾತಾಡಲಿ ಎಂದು 1992ರ 74ನೇ ತಿದ್ದುಪಡಿಯಲ್ಲೇ ವಾರ್ಡ್ ಸಮಿತಿ ಇದೆ. ಆ ಸಂದಿಯವರನ್ನು ಯಾರೂ ಅದಕ್ಕೆ ಕರೆದದ್ದನ್ನು ನಾನು ನೋಡಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆಯಿಲ್ಲದೆ, ಹೋಗಿ ಕೇಳಲು ಕಾರ್ಪೊರೇಟರ್ ಕೂಡ ಇಲ್ಲದಂತಾಯಿತು. ಪೈಪು ಉಳಿದುಕೊಂಡಿತು, ಕೂತು ಮಾತಾಡುವ ಜಾಗ ಹೋಯಿತು. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜನ ಮುಗಿಬಿದ್ದಿದ್ದಾಗ ಆ ಕಡೆ ಹೋಗಿದ್ದೆ. ಗುಡಿಯ ಜಗಲಿಯ ತುಂಬ ಬೈಕುಗಳು. ಹಣ್ಣಿನ ಅಕ್ಕನಿಗೆ ಮಂಡಿನೋವು, ವ್ಯಾಪಾರ ಬಿಟ್ಟಿದ್ದಾರೆ. "ವಾರಕ್ಕೆ ಎರಡು ದಿನ ಬರ್ತಿದೆ, ಹೆಂಗೋ ನಡೀತಿದೆ" ಅಂದರು. ಬಿಲ್ಲಿನ ಲೆಕ್ಕ ಕೇಳಿದೆ. ಒಳಗಿನಿಂದ ನೋಟ್‌ಬುಕ್ ತಂದರು. ಮೊದಲಿನದಲ್ಲ, ನಾಲ್ಕನೆಯದಂತೆ. ಈಗ ಬರೆಯುವುದು ಮೊಮ್ಮಗಳು. ಆ ತಿಂಗಳು ಮೂರನೇ ಮನೆಯ ಸೊಸೆಗೆ ಹೆರಿಗೆಯಾಗಿತ್ತು. ಮೂವತ್ತೊಂದು ಎಂದಿದ್ದದ್ದನ್ನು ಹೊಡೆದು ಪಕ್ಕದಲ್ಲಿ ಮೂವತ್ತೆರಡು ಎಂದು ಬರೆದಿದ್ದಳು.