ಉಪ್ಪು ತಿಂದವನು ನೀರು ಕುಡಿಯಲೇಬೇಕು!

ನಮ್ಮ ಮನೆ ಚಾಮರಾಜಪುರಂನಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗುವಷ್ಟು ದೂರ. ಹಾಲ್‌ನಲ್ಲಿ ಟಿವಿ ಪಕ್ಕ ಅಪ್ಪನ ಮೀನಿನ ತೊಟ್ಟಿ. ನಾನು ಅಕ್ವೇರಿಯಂ ಅಂದ್ರೂ ಅಪ್ಪನಿಗೆ ಅದು ತೊಟ್ಟಿಯೇ. ರಿಟೈರ್ ಆದ ಮೇಲೆ ತಂದದ್ದು. ಎರಡು ಗೋಲ್ಡ್ ಫಿಶ್, ತಳದಲ್ಲಿ ಪಾಚಿ ನೆಕ್ಕಿಕೊಂಡಿರುವ ಒಂದು ಸಕ್ಕರ್ ಮೀನು. ಅದು ಏಳು ವರ್ಷದಿಂದ ಇತ್ತು. ನಮ್ಮ ಜೊತೆ ಅಷ್ಟಾಗಿ ಮಾತಾಡದ ಅಪ್ಪ ಅದರ ಜೊತೆ ದಿನಾ ಮಾತಾಡ್ತಿದ್ರು.

ಕಳೆದ ಡಿಸೆಂಬರ್‌ನಲ್ಲಿ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್. ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿಗೆ, ಅಕ್ಕನ ಮನೆಗೆ ಹೋದ್ರು. ನನಗೆ ವರ್ಕ್ ಫ್ರಮ್ ಹೋಮ್. ಹೊರಡುವಾಗ ಅಪ್ಪ ಹೇಳಿದ್ದು ಒಂದೇ ಮಾತು, "ದಿನಕ್ಕೊಂದು ಚಿಟಿಕೆ ಆಹಾರ ಹಾಕು, ಬೇರೇನೂ ಮಾಡಬೇಡ".

ಬೇರೇನೂ ಮಾಡದೆ ಇರೋದು ಇಂಜಿನಿಯರುಗಳಿಗೆ ಬರಲ್ಲ ನೋಡಿ :-) ಅಪ್ಪ ಬಂದಾಗ ಖುಷಿಯಾಗಲಿ ಅಂತ ಎರಡು ಕಪ್ಪು ಮೋಲಿ ಮೀನು ತಂದು ಸೀದಾ ತೊಟ್ಟಿಗೆ ಬಿಟ್ಟೆ. ಆರನೇ ದಿನ ಗೋಲ್ಡ್ ಫಿಶ್ ಬಾಲದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ! ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುತ್ತಿತ್ತು. ಇದಕ್ಕೆ ಬಿಳಿ ಚುಕ್ಕೆ ರೋಗ ಅಂತಲೇ ಹೆಸರು, 'ಇಕ್' ಅಂತಾರೆ. ಒಂದು ಪರೋಪಜೀವಿಯ ಕೆಲಸ. ಹೊಸ ಮೀನಿನ ಜೊತೆ ಬಂದಿದೆ, ಅಂದ್ರೆ ನಾನೇ ತಂದಿದ್ದೀನಿ.

ಅಪ್ಪನಿಗೆ ಫೋನ್ ಮಾಡಲಿಲ್ಲ. ಆಪರೇಷನ್ ಆದವರಿಗೆ ಯಾಕೆ ಟೆನ್ಷನ್ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕಂದ್ರೆ ಹೆದರಿಕೆ.

ಓದಿ ನೋಡಿದಾಗ ಗೊತ್ತಾಗಿದ್ದು, ಇದಕ್ಕೆ ಹಳೆಯ ಮದ್ದು ಉಪ್ಪು. ಲೆಕ್ಕ ಸುಲಭ. ಮೀನಿನ ರಕ್ತದಲ್ಲಿರುವ ಲವಣ ಸುಮಾರಾಗಿ ಲೀಟರಿಗೆ 9 ಗ್ರಾಂ ಉಪ್ಪಿಗೆ ಸಮ, ಸುತ್ತಲಿನ ನಲ್ಲಿ ನೀರಿನಲ್ಲಿ ಅದರ ಒಂದು ಅಂಶವೂ ಇಲ್ಲ. ಹಾಗಾಗಿ ಕಿವಿರುಗಳ ಮೂಲಕ ನೀರು ಸದಾ ಒಳಗೆ ನುಗ್ಗುತ್ತಲೇ ಇರುತ್ತದೆ. ಸಿಹಿನೀರಿನ ಮೀನು ನೀರು ಕುಡಿಯೋದೇ ಇಲ್ಲ ಅನ್ನಬಹುದು, ಒಳಗೆ ಬಂದದ್ದನ್ನು ಹೊರಗೆ ಹಾಕೋದೇ ಅದರ ಕೆಲಸ. ರೋಗದಿಂದ ಚರ್ಮ, ಕಿವಿರು ಗಾಯವಾದರೆ ಈ ಕೆಲಸ ಇನ್ನೂ ಹೆಚ್ಚು. ನೀರಿಗೆ ಸ್ವಲ್ಪ ಉಪ್ಪು ಬಿದ್ದರೆ ಒಳಗೂ ಹೊರಗೂ ಅಂತರ ಕಮ್ಮಿಯಾಗಿ ಮೀನಿಗೆ ಉಸಿರಾಡಲು ಪುರುಸೊತ್ತು.

ರೋಗಾಣು ಚರ್ಮದೊಳಗೆ ಇರುವಾಗ ಉಪ್ಪು ಅದಕ್ಕೆ ತಾಗಲ್ಲ. ಅದು ಬಲಿತು ತಳಕ್ಕೆ ಬಿದ್ದು, ಒಂದು ನೂರಾರಾಗಿ ಒಡೆದು, ಮರಿಗಳು ಇನ್ನೊಂದು ಮೀನನ್ನು ಹುಡುಕಿಕೊಂಡು ಈಜುತ್ತವಲ್ಲ, ಆಗ ಮಾತ್ರ ಸಾಯೋದು. ಬೆಚ್ಚಗಿನ ನೀರಿನಲ್ಲಿ ಈ ಚಕ್ರ ಒಂದು ವಾರದೊಳಗೆ ಮುಗಿಯುತ್ತೆ, ಚಳಿಯಲ್ಲಿ ವಾರಗಟ್ಟಲೆ ಎಳೆಯುತ್ತೆ. ಚುಕ್ಕೆ ಮಾಯವಾಯ್ತು ಅಂತ ಮದ್ದು ನಿಲ್ಲಿಸುವಂತಿಲ್ಲ.

ತೊಟ್ಟಿಯಲ್ಲಿ ಸುಮಾರು 75 ಲೀಟರ್ ನೀರು. ಲೀಟರಿಗೆ 3 ಗ್ರಾಂ ಅಂದ್ರೆ 225 ಗ್ರಾಂ. ಅಮ್ಮ ಉಪ್ಪಿನಕಾಯಿಗೆ ಇಟ್ಟಿದ್ದ ಕಲ್ಲುಪ್ಪನ್ನು ತೂಗಿ, ತೊಟ್ಟಿ ನೀರಲ್ಲೇ ಕರಗಿಸಿ, ಎರಡು ದಿನದಲ್ಲಿ ಮೂರು ಸಲಕ್ಕೆ ಹಾಕಿದೆ. ಇಲ್ಲಿಯವರೆಗೂ ಸರಿ.

ಆಮೇಲೆ ನೀರು ಎರಡು ಬೆರಳು ಇಳಿಯಿತು. ಐದು ಲೀಟರ್ ನೀರು ತುಂಬಿಸಿದೆ, ಅದರ ಲೆಕ್ಕಕ್ಕೆ 15 ಗ್ರಾಂ ಉಪ್ಪೂ ಹಾಕಿದೆ. ಹೀಗೆ ಮೂರು ಸಲ. ಗೋಲ್ಡ್ ಫಿಶ್ ಚುರುಕಾದವು, ಮೋಲಿಗಳಂತೂ ಉಪ್ಪುನೀರಿಗೆ ಒಗ್ಗುವ ಜಾತಿ. ಆದರೆ ಸಕ್ಕರ್ ಮೀನು ಗಾಜು ಬಿಟ್ಟು ಮೂಲೆಯಲ್ಲಿ ಮಲಗಿತು. ಮಾರನೇ ದಿನ ಬೆಳಿಗ್ಗೆ ಅಲುಗಾಡಲಿಲ್ಲ.

ಇನ್ನು ಮುಚ್ಚಿಡೋಕೆ ಆಗಲಿಲ್ಲ. ಫೋನ್ ಮಾಡಿ ಎಲ್ಲಾ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು, "ಸಾರು ಕುದ್ದು ಬತ್ತಿದ್ರೆ ಉಪ್ಪು ಜಾಸ್ತಿಯಾಗತ್ತೋ, ಕಮ್ಮಿಯಾಗತ್ತೋ?"

ನಾಲ್ಕು ವರ್ಷದ ಇಂಜಿನಿಯರಿಂಗ್ ಒಂದು ಸಾರಿನ ಪಾತ್ರೆಯಲ್ಲಿ ಮುಳುಗಿತು! ಆರಿ ಹೋಗೋದು ನೀರು ಮಾತ್ರ. ಉಪ್ಪು ಅಲ್ಲೇ ಇರುತ್ತೆ. ತೊಟ್ಟಿಯಿಂದ ನೀರು ತೆಗೆದಾಗ ಮಾತ್ರ ಅದೂ ಹೋಗೋದು.

"ಸಕ್ಕರ್ ಜಾತಿಗೆ ಉಪ್ಪು ಅಷ್ಟು ತಡೆಯಲ್ಲ ಕಣೋ. ಕೇಳಬಾರದಿತ್ತಾ?"

"ನಿಮಗೆ ಕಣ್ಣಿನ ಆಪರೇಷನ್ ಆಗಿತ್ತಲ್ಲಪ್ಪ..."

"ನಾನೇನು ಕಣ್ಣಲ್ಲಿ ಹೇಳ್ತಿದ್ನಾ? ಬಾಯಲ್ಲಿ ತಾನೇ ಹೇಳೋದು!"

ಬೈದ ಮೇಲೆ, ಕಾಲು ಭಾಗ ನೀರು ತೆಗೆದು ಹಿಂದಿನ ದಿನ ಹಿಡಿದಿಟ್ಟ ಸಪ್ಪೆ ನೀರು ತುಂಬಿಸು ಅಂದ್ರು. ಮಾಡಿದೆ. ಉಳಿದ ನಾಲ್ಕೂ ಮೀನು ಬದುಕಿದವು. ಸಕ್ಕರ್ ಸತ್ತಿದ್ದು ರೋಗದಿಂದಲೋ ನನ್ನ ಉಪ್ಪಿನಿಂದಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದನ್ನು ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಹೂತಿದ್ದೀನಿ.

ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬಂದು ಮೊದಲು ಕೂತಿದ್ದು ತೊಟ್ಟಿ ಮುಂದೆ. ಖಾಲಿ ಮೂಲೆಯನ್ನು ನೋಡಿದ್ರು, ಏನೂ ಅನ್ನಲಿಲ್ಲ. ಕಾಫಿ ಕುಡಿದ ಮೇಲೆ ಮೋಲಿಗಳನ್ನು ತೋರಿಸಿ "ಚೆನ್ನಾಗಿವೆ" ಅಂದ್ರು. ಅದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಈಗ ನಮ್ಮ ಮನೆಯಲ್ಲಿ ಹೊಸ ಮೀನು ಬಂದರೆ ಒಂದು ತಿಂಗಳು ಬೇರೆ ಟಬ್ಬಿನಲ್ಲಿ ವಾಸ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ತಿಂದಿದ್ದು ಮೀನು, ಕುಡಿದಿದ್ದು ನಾನು...