ಕಣ್ಣು ಚೆನ್ನಾಗಿರುವಾಗಲೇ ಬರಬೇಕಾದ ಮೆಸೇಜು

ಸಕ್ಕರೆ ಕಾಯಿಲೆ ರೆಟಿನಾಕ್ಕೆ ಹಾನಿ ಮಾಡತೊಡಗಿದಾಗ ನೋವಿರುವುದಿಲ್ಲ, ಮೊದಮೊದಲು ದೃಷ್ಟಿಯೂ ಮಸುಕಾಗುವುದಿಲ್ಲ. ಆದ್ದರಿಂದಲೇ ಜನ ಕಣ್ಣಿನ ತಪಾಸಣೆಗೆ ತಡವಾಗಿ ಹೋಗುತ್ತಾರೆ. ಲೇಸರ್, ಇಂಜೆಕ್ಷನ್‌ಗಳು ಇರುವ ದೃಷ್ಟಿಯನ್ನು ಉಳಿಸಬಲ್ಲವು. ಕಳೆದುಹೋದದ್ದು ಪೂರ್ತಿ ಮರಳುವ ಭರವಸೆ ಇಲ್ಲ. ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕೆಂದು ಜನ ತುಂಬಿದ ಓಪಿಡಿಯಲ್ಲಿ ಡಾಕ್ಟರು ಒಮ್ಮೆ ಹೇಳಿದರೆ ಸಾಲದು. ಆ ಮಾತು ಮತ್ತೆ ಮತ್ತೆ ಕಿವಿಗೆ ಬೀಳಬೇಕು, ಮೊಬೈಲ್ ಸಂದೇಶ ಆ ಕೆಲಸ ಮಾಡಬಲ್ಲದು.

ಮೆಸೇಜಿನಿಂದ ಯಾರು ಬದಲಾಗುತ್ತಾರೆ ಎನ್ನುವವರಿದ್ದಾರೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 537 ಭಾರತೀಯ ಪುರುಷರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: ಎರಡು ವರ್ಷದಲ್ಲಿ ಕಾಯಿಲೆ ಬಂದದ್ದು ಎಸ್ಸೆಮ್ಮೆಸ್ ಪಡೆದವರಲ್ಲಿ ಶೇ 18, ಪಡೆಯದವರಲ್ಲಿ ಶೇ 27. ಅದು ಕಣ್ಣಿನ ಅಧ್ಯಯನವಲ್ಲ, ನಿಜ. ಆದರೂ ಸಣ್ಣ ಸಂದೇಶದ ಬಲವನ್ನು ತೋರಿಸಿತು. ಓದಲು ಬಾರದವರ, ಈಗಾಗಲೇ ಕಣ್ಣು ಮಂಜಾದವರ ಗತಿಯೇನು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಅವರಿಗೆ ಅಕ್ಷರವಲ್ಲ, ಅವರದೇ ಆಡುಮಾತಿನ ಧ್ವನಿಸಂದೇಶ ಬೇಕು. ಫೋನ್ ಮಗನ ಕೈಯಲ್ಲಿದ್ದರೆ ಅವನಿಗೂ ಅರ್ಥವಾಗುವಂತಿರಬೇಕು. "ಕಣ್ಣಿಗೆ ಹನಿ ಹಾಕುತ್ತಾರೆ, ಕೆಲವು ಗಂಟೆ ಮಂಜಾಗುತ್ತದೆ, ಜೊತೆಗೊಬ್ಬರನ್ನು ಕರೆತನ್ನಿ" ಎಂಬ ವಿವರವೂ ಅದರಲ್ಲಿರಲಿ. ಭಯ ಕಡಿಮೆಯಾಗುವುದು ಅಂಥ ವಿವರದಿಂದಲೇ. ಹತ್ತಿರದಲ್ಲೆಲ್ಲೂ ರೆಟಿನಾ ಪರೀಕ್ಷೆಯೇ ಸಿಗದಿದ್ದರೆ ಮಾತ್ರ ಯಾವ ಸಂದೇಶವೂ ವ್ಯರ್ಥ. ಆ ಪರೀಕ್ಷೆಯನ್ನು ಸರ್ಕಾರವೇ ಒದಗಿಸಬೇಕು. ನಿಮ್ಮ ಮನೆಯಲ್ಲಿ ಶುಗರ್ ಇರುವವರಿದ್ದರೆ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಈ ವರ್ಷವೇ ಪರೀಕ್ಷೆ ಮಾಡಿಸಿ.