ಬಾರದವರ ಲೆಕ್ಕ

ಬಿಪಿ ಹತೋಟಿಯಲ್ಲಿ ನಮ್ಮ ಉಪಕೇಂದ್ರ ತಾಲ್ಲೂಕಿಗೇ ಮುಂದಿದೆ ಎಂದು ಸಭೆಯಲ್ಲಿ ಹೊಗಳಿದಾಗ ನಾನೂ ಅದನ್ನು ನಂಬಿದ್ದೆ. ವರದಿ ನನ್ನದೇ. ಒಂದಂಕಿಯನ್ನೂ ಸುಳ್ಳು ಬರೆದಿರಲಿಲ್ಲ. ಆಯಾ ತಿಂಗಳು ಬಂದವರಲ್ಲಿ 140/90ಕ್ಕಿಂತ ಕಡಿಮೆ ಇದ್ದವರನ್ನು ಎಣಿಸಿ, ಬಂದವರ ಸಂಖ್ಯೆಯಿಂದ ಭಾಗಿಸುತ್ತಿದ್ದೆ. ತಪ್ಪಿದ್ದದ್ದು ಆ ಭಾಗಾಕಾರದಲ್ಲಿ.

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ ಪಡೆದು, ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಆಗಿ ಕಲ್ಯಾಣ ಕರ್ನಾಟಕದ ಹಳ್ಳಿಯೊಂದಕ್ಕೆ ಬಂದವಳು ನಾನು. ವಾರ್ಡಿನಲ್ಲಿ ಕಲಿತದ್ದು ಮಂಚದ ಮೇಲಿರುವ ರೋಗಿಯನ್ನು ನೋಡಿಕೊಳ್ಳುವುದು. ಇಲ್ಲಿ ಸುಮಾರು 5,000 ಜನರ ಹೊಣೆ. ಅವರಲ್ಲಿ 30 ದಾಟಿದವರು ಶೇ 37 ಎಂದು ಹಿಡಿದು ಅಷ್ಟೂ ಜನರ ಬಿಪಿ, ಸಕ್ಕರೆ ನೋಡಬೇಕು. ಅಂದರೆ 1,850 ಮಂದಿ. ಆ ಸಂಖ್ಯೆ ಗೋಡೆಯ ಚಾರ್ಟಿನಲ್ಲೇ ಇತ್ತು. ನಾನು ನೋಡುತ್ತಿದ್ದದ್ದು ಹೊಸ್ತಿಲು ದಾಟಿ ಬಂದವರನ್ನು ಮಾತ್ರ.

ಬರುವವರಲ್ಲಿ ಹೆಂಗಸರೇ ಹೆಚ್ಚು. ಹಾಗಾಗಿ ನಮ್ಮೂರಲ್ಲಿ ಬಿಪಿ ಹೆಂಗಸರಿಗೇ ಜಾಸ್ತಿ ಎಂದುಕೊಂಡಿದ್ದೆ. ಮನೆಮನೆಗೆ ಹೋಗಿ ಅಳೆದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಬಿಪಿ ಹೆಚ್ಚಿರುವ ಅಥವಾ ಅದಕ್ಕೆ ಗುಳಿಗೆ ನುಂಗುವ ಹೆಂಗಸರು ಶೇ 21, ಗಂಡಸರು ಶೇ 24. ನಮ್ಮ ಕೇಂದ್ರ ಬಾಗಿಲು ತೆರೆಯುವ ಹೊತ್ತಿಗೆ ಗಂಡಸರು ಹೊಲದಲ್ಲೋ ಗಾರೆ ಕೆಲಸದಲ್ಲೋ ಇರುತ್ತಾರೆ. ಇದು ನನಗೆ ಹೊಳೆಯಲೇ ಇಲ್ಲ.

ಬೆಂಗಳೂರಿಗೆ ಗುಳೆ ಹೋಗಿದ್ದ ಒಬ್ಬರನ್ನು ಲಕ್ವ ಹೊಡೆದ ಮೇಲೆ ಊರಿಗೆ ಕರೆತಂದರು. ಹೆಸರು ನನ್ನ ರಿಜಿಸ್ಟರಿನಲ್ಲಿತ್ತು. ಅಮ್ಲೋಡಿಪಿನ್ 5 ಮಿಲಿಗ್ರಾಂ, ಒಂದು ತಿಂಗಳಿಗಾಗುವಷ್ಟು. ಮುಂದಿನ ತಿಂಗಳುಗಳ ಅಂಕಣಗಳೆಲ್ಲ ಖಾಲಿ. ಯಾಕೆ ತಿಳಿಸಲಿಲ್ಲ ಎಂದು ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕನನ್ನು ಕೇಳಿದೆ.

“ಗುಳೆ ಹೋಗ್ಯಾರಂತ ಹೇಳಿದ್ನೆಲ್ರೀ ಮೇಡಂ. ಹೋದವರನ್ನ ಬಿಡ್ರಿ, ಇದ್ದವರನ್ನ ಕರಕೊಂಡ ಬರ್ರಿ ಅಂದ್ರಿ ನೀವು.”

ಅಂದದ್ದು ನಿಜ. ಗುಳಿಗೆ ನಿಲ್ಲಿಸದಿದ್ದರೆ ಅವರಿಗೆ ಲಕ್ವ ಹೊಡೆಯುತ್ತಲೇ ಇರಲಿಲ್ಲ ಎಂದು ಯಾರೂ ಹೇಳಲಾರರು. ಎಪಿಡೆಮಿಯಾಲಜಿ ಒಬ್ಬೊಬ್ಬರ ಹಣೆಬರಹ ಹೇಳುವುದಿಲ್ಲ. ಗುಳಿಗೆ ಬಿಟ್ಟವರ ಗುಂಪಿಗೆ ಅಪಾಯ ಹೆಚ್ಚು ಎಂಬುದನ್ನು ಮಾತ್ರ ಅದು ಖಚಿತವಾಗಿ ಹೇಳುತ್ತದೆ. ಆ ಗುಂಪನ್ನೇ ನಾನು ಲೆಕ್ಕದಿಂದ ಕೈಬಿಟ್ಟಿದ್ದೆ. ಅವರ ಹೆಂಡತಿ ಎದುರಾದಾಗ ಮಾತಾಡಿಸಲು ನನಗೆ ಇಂದಿಗೂ ಕಷ್ಟ.

ನೂರು ಜನರ ಬಿಪಿ ಕಾರ್ಡು ಮಾಡಿದೆವೆನ್ನಿ. ಮುಂದಿನ ಮೂರು ತಿಂಗಳಲ್ಲಿ 60 ಮಂದಿ ಬಂದರು, 48 ಮಂದಿಯ ಬಿಪಿ ಹತೋಟಿಯಲ್ಲಿದೆ. ನನ್ನ ಲೆಕ್ಕಕ್ಕೆ ಶೇ 80. ಛೇದದಲ್ಲಿ ನೂರೂ ಜನರನ್ನು ಇಟ್ಟರೆ ಶೇ 48. ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಎಣಿಸುವುದು ಹೀಗೆಯೇ: ಹೆಸರು ಬರೆಸಿದವರೆಲ್ಲ ಛೇದದಲ್ಲಿ, ಬಾರದವರಿಗೆ ಬೇರೆ ಸಾಲು. ತಪ್ಪದೆ ಕೇಂದ್ರಕ್ಕೆ ಬರುವವರು ಸಾಮಾನ್ಯವಾಗಿ ಗುಳಿಗೆಯನ್ನೂ ತಪ್ಪಿಸದವರು. ಆದ್ದರಿಂದ ಜನ ಗುಳೆ ಹೋದಷ್ಟೂ ನನ್ನ ಶೇಕಡಾವಾರು ಏರುತ್ತಿತ್ತು. ನನ್ನನ್ನು ಹೊಗಳಿದ್ದು ಆ ಏರಿಕೆಗೆ.

ಈಗ ಸುಗ್ಗಿ ಮುಗಿಯುವ ಮುಂಚೆಯೇ ಆಶಾ ಅಕ್ಕ ಮತ್ತು ನಾನು ಗುಳೆ ಹೊರಡುವ ಮನೆಗಳ ಪಟ್ಟಿ ಮಾಡುತ್ತೇವೆ. ಪಿಎಚ್‌ಸಿ ಡಾಕ್ಟರು ಅವರಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೇ ಕೊಡಿಸುತ್ತಾರೆ. ಕೆಲಸ ಬಿಡುವ ಹೊತ್ತು ನೋಡಿ ಸಂಜೆ ಫೋನ್ ಮಾಡುತ್ತೇವೆ. ಕೆಲವರು ಎತ್ತುತ್ತಾರೆ, ಕೆಲವರ ನಂಬರೇ ಬದಲಾಗಿರುತ್ತದೆ. ನಮ್ಮ ಹತೋಟಿ ಪ್ರಮಾಣ ಕುಸಿದಿದೆ, ಯಾಕೆಂದು ಸಭೆಯಲ್ಲಿ ವಿವರಿಸಿದ್ದೇನೆ. ಬೆಂಗಳೂರಿನ ಶೆಡ್ಡುಗಳಲ್ಲಿರುವ ನಮ್ಮೂರವರ ಕಾರ್ಡು ಅಲ್ಲಿನ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’‌ಗೆ ತಲುಪಬೇಕು, ಅಲ್ಲಿ ಬಿಪಿ ನೋಡಿದ್ದು ನನಗೆ ತಿಳಿಯಬೇಕು ಎಂದೂ ಕೇಳಿದ್ದೇನೆ. ಅದು ಇನ್ನೂ ಆಗಿಲ್ಲ.